ನೀಲಿ ಬಕೆಟ್ಟು ಮತ್ತು ನಂಜುಂಡೇಶ್ವರನ ಮೊಳೆ

ಸತ್ಯಭಾಮಾಳ ಬಾಯಿಗೆ ಹೆದರದವರು ಜಪಾನಿನ ಈ ಸೆಂಡಾಯ್‌ನಲ್ಲಿ ಯಾರೂ ಇಲ್ಲ ಎಂದು ಅವಳ ಗಂಡ ರಾಘವ್ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಶುದ್ಧ ಸುಳ್ಳು. ನಾನು ಹೆದರುವುದಿಲ್ಲ. ಅವಳ ಮನೆಯಿಂದ ಎರಡು ಬಸ್ ಸ್ಟಾಪ್ ಆಚೆಗೆ ನನ್ನ ಮನೆ. ಈ ಊರಿಗೆ ಬಂದಂದಿನಿಂದ ಅವಳ ಕೈಯ ಅಡಿಗೆ ಉಂಡಿದ್ದೇನೆ, ಅವಳ ಜೊತೆ ಕಿತ್ತಾಡಿದ್ದೇನೆ, ಅವಳಿಂದ ಬೈಸಿಕೊಂಡು ಬಾಗಿಲು ದಡಾರೆಂದು ಹಾಕಿಕೊಂಡು ಬಂದು ಮರುದಿನವೇ ಸಾರಿನ ಪುಡಿ ಕೇಳಲು ಹೋಗಿದ್ದೇನೆ. ಆದ್ದರಿಂದ ಅವಳ ವಿಷಯ ಬರೆಯುವ ಹಕ್ಕು ನನಗಿದೆ ಎಂದು ನಾನೇ ತೀರ್ಮಾನ ಮಾಡಿದ್ದೇನೆ. ಅವಳನ್ನು ಕೇಳಿಲ್ಲ. ಕೇಳಿದರೆ ಬೇಡ ಎನ್ನುತ್ತಾಳೆ.

ಭಾಮಾ ಮೈಸೂರಿನ ಒಂಟಿಕೊಪ್ಪಲಿನವಳು. ರಾಘವ್‌ಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ. ಬಂದಾಗ ಮಗಳು ಕೃತಿ ಕಂಕುಳಲ್ಲಿದ್ದಳು, ಈಗ ಅಮ್ಮನ ಎತ್ತರಕ್ಕೆ ಬೆಳೆದು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜಪಾನಿಯಲ್ಲಿ ಉತ್ತರ ಕೊಡುತ್ತಾಳೆ. ಮೊದಲು ಅವರಿದ್ದ ಫ್ಲ್ಯಾಟಿನಲ್ಲಿ ಚಳಿಗಾಲ ಬಂದರೆ ಗೋಡೆಗೆ ಬೂಷ್ಟು ಹಿಡಿಯುತ್ತಿತ್ತು, ಭಾಮಾಳ ಕೈಬೆರಳು ಊದಿಕೊಂಡು ಚಪಾತಿ ಲಟ್ಟಿಸಲು ಆಗುತ್ತಿರಲಿಲ್ಲ. ಬೇರೆ ಮನೆ ಹುಡುಕಲು ಹೊರಟರೆ, ಏಜೆನ್ಸಿಯವರು ಎದುರಿಗೇ ಮಾಲೀಕರಿಗೆ ಫೋನು ಮಾಡಿ, "ಗಾಯ್‌ಕೊಕುಜಿನ್," ವಿದೇಶಿಯವರು, ಎಂದು ಮೆಲ್ಲಗೆ ಉಸುರಿ, ಫೋನಿಟ್ಟು, ಕತ್ತು ಓರೆ ಮಾಡಿ ನಗುತ್ತಿದ್ದರು. ಆ ನಗುವಿನ ಅರ್ಥ, ಮನೆ ಕೊಡುವುದಿಲ್ಲ ಎಂದು. ಎಷ್ಟು ಮನೆಗಳಿಗೆ ಹಾಗಾಯಿತೋ ಲೆಕ್ಕ ಇಟ್ಟವರಿಲ್ಲ.

ಕೊನೆಗೆ ಸಿಕ್ಕಿದ್ದು ಕುಮಗಾಯಿ-ಸಾನ್ ಅವರ ಮನೆ, ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ. ಎಂಬತ್ತು ದಾಟಿದ ಒಂಟಿ ಹೆಂಗಸು, ತಾವು ಪಕ್ಕದ ಪುಟ್ಟ ಮನೆಗೆ ಹೋಗಿ ದೊಡ್ಡ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಭಾಮಾಳನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀವು ಗಿಡ ಬೆಳೆಸುತ್ತೀರಾ?" ಭಾಮಾ ಹೂಂ ಎಂದಳು. ಮುಗಿಯಿತು, ಮನೆ ಸಿಕ್ಕಿತು.

ಆ ಮನೆಯ ಭಾಗ್ಯ ಅದರ ಬಿಸಿ. ಕುಮಗಾಯಿ-ಸಾನ್ ಅವರ ಗಂಡ ಹೊಕ್ಕಾಯ್ದೊದವರು. ಅಲ್ಲಿನ ಚಳಿ ಕಂಡವರು ಸೆಂಡಾಯ್‌ನಲ್ಲಿ ಮನೆ ಕಟ್ಟಿದಾಗಲೂ ಅಲ್ಲಿಯ ಹಾಗೆಯೇ ಹೀಟಿಂಗ್ ಹಾಕಿಸಿದ್ದರು. ಹಿಂಬದಿಯ ಕೋಣೆಯಲ್ಲಿ ಒಂದು ಬಾಯ್ಲರ್. ಅದು ಕಾಯಿಸಿದ ನೀರನ್ನು ಪಂಪು ಪೈಪಿನಲ್ಲಿ ತಳ್ಳುತ್ತದೆ, ಪ್ರತಿ ಕೋಣೆಯ ಕಿಟಕಿಯಡಿ ಇರುವ ತಗಡಿನ ಪ್ಯಾನೆಲ್ ಬಿಸಿಯಾಗುತ್ತದೆ, ತಣ್ಣಗಾದ ನೀರು ಮತ್ತೆ ಬಾಯ್ಲರಿಗೆ ವಾಪಸು. ಒಳಗಿನ ನೀರು ಹೊರಗೆ ಬರುವಂತಿಲ್ಲ, ಹೊರಗಿನದು ಒಳಗೆ ಹೋಗುವಂತಿಲ್ಲ. ಒಳಗೆ ಎಷ್ಟು ಒತ್ತಡ ಇದೆ ಎಂದು ತೋರಿಸಲು ಗಡಿಯಾರದಂಥ ಒಂದು ಮುಖ, ಅದಕ್ಕೊಂದು ಮುಳ್ಳು. ಮುಳ್ಳು ಹಸಿರು ಗೆರೆಯಲ್ಲಿದ್ದರೆ ಎಲ್ಲ ಕ್ಷೇಮ. ಭಾಮಾ ಅಷ್ಟನ್ನು ಕಲಿತಳು, ದೋಸೆ ಹಿಟ್ಟಿನ ಪಾತ್ರೆಯನ್ನು ಬಾಯ್ಲರ್ ಪಕ್ಕ ಇಟ್ಟಳು, ಜನವರಿಯಲ್ಲೂ ಹಿಟ್ಟು ಉಕ್ಕಿ ಹೊರಗೆ ಬಂತು. ಆಮೇಲೆ ಭಾನುವಾರ ಭಾನುವಾರ ನಮ್ಮ ಕಡೆಯ ಹುಡುಗರು, ಹುಡುಗಿಯರು, ಇಲ್ಲಿ ಓದಲು ಬಂದು ಕೊಂಬಿನಿ ಅಂಗಡಿಯ ಅನ್ನದುಂಡೆ ತಿಂದು ಸೊರಗಿದವರು, ಅವಳ ಮನೆಯ ಪ್ಯಾನೆಲ್ಲಿಗೆ ಬೆನ್ನು ಕೊಟ್ಟು ಕೂತು ದೋಸೆ ತಿಂದರು. ನಾನೂ ತಿಂದೆ.

ಮನೆಯಲ್ಲಿ ಅವಳು ಮಾಡಿದ ಬದಲಾವಣೆ ಎರಡೇ. ಒಂದು, ನಡುಮನೆಯಲ್ಲಿ ನಂಜನಗೂಡಿನ ನಂಜುಂಡೇಶ್ವರನ ಪಟ ಹಾಕಲು ಒಂದು ಮೊಳೆ. ಅದನ್ನೂ ಕುಮಗಾಯಿ-ಸಾನ್ ಅವರನ್ನು ಕೇಳಿಯೇ ಹೊಡೆದಿದ್ದಳು. ಎರಡು, ಹಿಂಬದಿಯ ಕಟ್ಟೆಯ ಮೇಲೆ ಒಂದು ನೀಲಿ ಬಕೆಟ್ಟು. ಬಾಯ್ಲರಿನಿಂದ ಒಂದು ಸಣ್ಣ ಪೈಪು ಗೋಡೆ ದಾಟಿ ಅಲ್ಲಿ ಬಾಯಿ ಬಿಟ್ಟಿತ್ತು. ಈ ಚಳಿಗಾಲ ಶುರುವಾದ ಮೇಲೆ ಅದರಿಂದ ಆಗಾಗ ನೀರು ತೊಟ್ಟಿಕ್ಕುತ್ತಿತ್ತು. ನಮ್ಮವರಿಗೆ ತೊಟ್ಟಿಕ್ಕುವ ನೀರು ಕಂಡರೆ ಕೈ ಸುಮ್ಮನಿರುತ್ತದೆಯೇ? ಬೆಂಗಳೂರಿನಲ್ಲಿ ಅವಳ ಅಕ್ಕ ಏಸಿಯ ನೀರನ್ನು ಗಿಡಕ್ಕೆ ಹಾಕುತ್ತಾಳೆ, ಫಿಲ್ಟರ್ ಬಿಟ್ಟ ನೀರಿನಲ್ಲಿ ನೆಲ ಒರೆಸುತ್ತಾಳೆ. ಇದೂ ಏಸಿ ನೀರಿನ ಹಾಗೆ ಏನೋ ಒಂದು ಎಂದುಕೊಂಡು ಭಾಮಾ ಬಕೆಟ್ಟು ಇಟ್ಟಳು, ತುಂಬಿದಷ್ಟನ್ನು ಒಳಗಿನ ಕರಿಬೇವಿನ ಗಿಡಕ್ಕೆ ಹಾಕಿದಳು. ಟೋಕಿಯೋ ಪಕ್ಕದ ಇಚಿಕಾವಾದ ವೇದವಲ್ಲಿ ಆಂಟಿ ಕೊಟ್ಟ ಸಸಿ ಅದು, ಶಿಂಕಾನ್ಸೆನ್ ರೈಲಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದದ್ದು.

ಹೊಸವರ್ಷದ ರಜೆ ಮುಗಿದ ಮೇಲೆ ಒಂದು ಬೆಳಿಗ್ಗೆ ಮನೆ ತಣ್ಣಗೆ ಕೊರೆಯುತ್ತಿತ್ತು. ಬಾಯ್ಲರಿನ ಮೇಲೆ ಕೆಂಪು ದೀಪ, ಮುಳ್ಳು ಸೊನ್ನೆಯಲ್ಲಿ. ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ಕಂಪನಿಯಿಂದ ಹೋಶಿ-ಸಾನ್ ಎಂಬಾತ ಒಬ್ಬ ಮೆಕ್ಯಾನಿಕ್‌ನನ್ನು ಕರೆದುಕೊಂಡು ಬಂದ. ಮೆಕ್ಯಾನಿಕ್ ಒಂದು ಕ್ಯಾನಿನಿಂದ ತಿಳಿಗುಲಾಬಿ ಬಣ್ಣದ ದ್ರವವನ್ನು ಪೈಪಿಗೆ ತುಂಬಿದ. ಅದೇನೆಂದು ಭಾಮಾ ಕೇಳಿದ್ದಕ್ಕೆ, ಚಳಿಗೆ ಹೆಪ್ಪುಗಟ್ಟದಂತೆ ನೀರಿಗೆ ಬೆರೆಸುವ ಔಷಧ, ಇಲ್ಲದಿದ್ದರೆ ಪೈಪು ಒಡೆಯುತ್ತದೆ, ಆದರೆ ಕುಡಿಯಬೇಡಿ ಮತ್ತೆ, ಎಂದು ನಕ್ಕ. ಮುಳ್ಳು ಹಸಿರಿಗೆ ಬಂತು. ಮೂರು ನಾಲ್ಕು ದಿನ ಕಳೆಯಿತು, ಮತ್ತೆ ಕೆಂಪು ದೀಪ. ಮತ್ತೆ ಬಂದರು, ತುಂಬಿದರು, ಹೋದರು. ಮತ್ತೆ ಕೆಂಪು ದೀಪ.

ಮೂರನೆಯ ಸಲ ಅವರು ಬಂದಾಗ ನಾನು ಇಡ್ಲಿ ತಟ್ಟೆ ಕೇಳಲು ಹೋಗಿದ್ದೆ. ಯಾರಾದರೂ ಬರುತ್ತಾರೆಂದರೆ ಭಾಮಾ ಮನೆ ಒರೆಸಿ, ಹಿಂದಿನ ಕಟ್ಟೆ ಗುಡಿಸಿ, ಬಕೆಟ್ಟು ಮಗುಚಿ ಒಳಗಿಡುವವಳು. ಅವತ್ತೂ ಹಾಗೆಯೇ ಮಾಡಿದ್ದಳು. ಮೆಕ್ಯಾನಿಕ್ ಪ್ಯಾನೆಲ್ಲುಗಳ ಸಂದಿ ಮುಟ್ಟಿ ನೋಡಿದ, ಒಣ. ಬಾಯ್ಲರಿನ ಅಡಿ ಟಾರ್ಚು ಬಿಟ್ಟ, ಒಣ. ಹಿಂದಿನ ಪೈಪಿನ ಬಾಯಿ ನೋಡಿದ, ಅದೂ ಒಣ. ಹೋಶಿ-ಸಾನ್ ಹಲ್ಲುಗಳ ನಡುವಿನಿಂದ ಉಸಿರು ಒಳಗೆಳೆದುಕೊಂಡ. ಈ ಊರಿನಲ್ಲಿ ಯಾರಾದರೂ ಹಾಗೆ ಉಸಿರೆಳೆದರೆ ಕೆಟ್ಟ ಸುದ್ದಿ ಬರಲಿದೆ ಎಂದೇ ತಿಳಿಯಬೇಕು.

"ಹೊರಗೆಲ್ಲೂ ನೀರಿಲ್ಲ. ಹಾಗಾದರೆ ನೀರು ಗೋಡೆಯ ಒಳಗೆ ಹೋಗುತ್ತಿದೆ," ಎಂದ. ಅವನ ಕಣ್ಣು ನಡುಮನೆಯ ಗೋಡೆಗೆ ಹೋಯಿತು. "ಮಹಡಿಗೆ ಹೋಗುವ ಪೈಪು ಈ ಗೋಡೆಯಲ್ಲಿದೆ. ಇಲ್ಲಿ ಮೊಳೆ ಹೊಡೆದವರು ಯಾರು?"

"ನಾನು. ಕುಮಗಾಯಿ-ಸಾನ್ ಹೊಡೆಯಬಹುದು ಎಂದಿದ್ದರು," ಎಂದಳು ಭಾಮಾ.

"ಅವರಿಗೆ ವಯಸ್ಸಾಗಿದೆ. ನೆನಪಿರುವುದಿಲ್ಲ."

ಅಷ್ಟು ಹೇಳಿ ಅವನು, ಒಂದು ಮಾತೂ ಕೇಳದೆ, ನಂಜುಂಡೇಶ್ವರನ ಪಟವನ್ನು ಮೊಳೆಯಿಂದ ಎತ್ತಿ ಕುರ್ಚಿಯ ಮೇಲೆ ಇಟ್ಟ. ಮೊಳೆಯ ಸುತ್ತ ಹಳದಿ ಟೇಪು ಅಂಟಿಸಿ ಫೋಟೋ ತೆಗೆದುಕೊಂಡ. ನನಗೆ ಪಿತ್ತ ನೆತ್ತಿಗೇರಿತು. ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೆ, ಸ್ಲಿಪ್ಪರ್ ಹಾಕುವುದಕ್ಕೆ, ಬಚ್ಚಲಿಗೆ ಬೇರೆ ಸ್ಲಿಪ್ಪರ್ ಹಾಕುವುದಕ್ಕೆ ನಮಗೆ ಪಾಠ ಹೇಳುವ ಜನ, ಇನ್ನೊಬ್ಬರ ದೇವರನ್ನು ಎತ್ತುವ ಮುಂಚೆ ಒಂದು ಮಾತು ಕೇಳುವುದಿಲ್ಲವೇ? ಭಾಮಾ ಮಾತ್ರ ಬಾಯಿ ಬಿಡಲಿಲ್ಲ. ಅವಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುವಾರ ಕಂಪನಿಯಿಂದ ರಾಘವ್‌ಗೆ ಫೋನು ಬಂತು. ಗೋಡೆ ಒಡೆಯಬೇಕಾಗುತ್ತದೆ, ಅಲ್ಲಿಯವರೆಗೆ ಮೆಕ್ಯಾನಿಕ್ ಆಗಾಗ ಬಂದು ತುಂಬಿಸಿ ಹೋಗುತ್ತಾನೆ. ಪೈಪಿಗೆ ಮೊಳೆ ತಗುಲಿಸಿದ್ದು ನೀವು. ಮಾರ್ಚ್‌ನಲ್ಲಿ ಬಾಡಿಗೆ ಕರಾರು ಮುಗಿಯುತ್ತದೆ, ಮುಂದುವರಿಸುವುದಿಲ್ಲ, ಮನೆ ಬಿಡಿ. ಕುಮಗಾಯಿ-ಸಾನ್ ಯಾಮಾಗಾತಾದಲ್ಲಿ ಮಗಳ ಮನೆಗೆ ಹೋಗಿದ್ದಾರೆ, ಅವರಿಗೆ ನೀವು ನೇರವಾಗಿ ಫೋನು ಮಾಡಿ ತೊಂದರೆ ಕೊಡಬೇಡಿ. ಅವರು ಬಂದ ಮೇಲೆ ಒಂದು ಶನಿವಾರ ನಾವೇ ಕರೆದುಕೊಂಡು ಬರುತ್ತೇವೆ, ಗಂಡ ಹೆಂಡತಿ ಇಬ್ಬರೂ ಅವರೆದುರು ಬಾಗಿ ಸುಮಿಮಾಸೆನ್, ತಪ್ಪಾಯಿತು, ಎನ್ನಿ, ಎಲ್ಲ ಶಾಂತವಾಗಿ ಮುಗಿಯುತ್ತದೆ.

ರಾಘವ್ ಒಳ್ಳೆಯವನು. ಒಳ್ಳೆಯತನ ಜಾಸ್ತಿಯಾಗಿ ಕೆಲವು ಸಲ ಕಿವಿ ಹಿಂಡಬೇಕು ಅನ್ನಿಸುವಷ್ಟು ಒಳ್ಳೆಯವನು.

"ಹೇಳಿಬಿಡೋಣ ಭಾಮಾ. ಒಂದು ಸುಮಿಮಾಸೆನ್ ಅಂದ್ರೆ ನಮ್ ಗಂಟೇನು ಹೋಗುತ್ತೆ?"

"ಮನೆ ಹೋಗುತ್ತೆ ರೀ!" ಅವಳ ದನಿ ಮಹಡಿಗೆ ಕೇಳಿಸಿತು. "ಬಸ್ಸಲ್ಲಿ ಕೂತ್ರೆ ಸುಮಿಮಾಸೆನ್, ಲಿಫ್ಟಲ್ಲಿ ನಿಂತ್ರೆ ಸುಮಿಮಾಸೆನ್. ಒಗ್ಗರಣೆ ಘಾಟು ಆಚೆ ಹೋಯ್ತು, ಸುಮಿಮಾಸೆನ್. ಮಗು ಅತ್ತಿದ್ದಕ್ಕೆ, ನಕ್ಕಿದ್ದಕ್ಕೆ. ಇಷ್ಟು ವರ್ಷ ಹೇಳ್ಕೊಂಡು ಬಂದಿದೀನಿ, ನಾಲಿಗೆ ಸವೆದಿದೆ. ಮಾಡಿದ ತಪ್ಪಿಗೆ ಸಾವಿರ ಸಲ ಹೇಳ್ತೀನಿ. ಮಾಡದೆ ಇರೋದಕ್ಕೆ ಒಂದು ಸಲಾನೂ ಹೇಳಲ್ಲ. ಈಗ ಹೇಳಿದ್ರೆ ಈ ಊರಲ್ಲಿ ಮುಂದೆ ಇನ್ಯಾವ ನಮ್ಮೋರಿಗೂ ಮನೆ ಕೊಡಲ್ಲ. ಗೋಡೆಗೆ ಮೊಳೆ ಹೊಡೆಯೋ ಜನ ಅಂತಾರೆ."

ಮೆಟ್ಟಿಲ ಮೇಲೆ ನಿಂತಿದ್ದ ಕೃತಿ ಅಳುವ ಹಾಗಾಗಿ, "ಅಮ್ಮಾ, ಯಮೇತೆ, ಪ್ಲೀಸ್. ಜಗಳ ಬೇಡ. ಹಝುಕಾಶಿ," ನಾಚಿಕೆಯಾಗುತ್ತದೆ, ಎಂದಳು.

"ನಾಚಿಕೆ ಆಗ್ಬೇಕಾದ್ದು ನಮಗಲ್ಲ ಕಂದಾ," ಎಂದು ಭಾಮಾ ಒಳಗೆ ಹೋದಳು. ಪಟವನ್ನು ಅವಳು ಕುರ್ಚಿಯಿಂದ ಎತ್ತಲಿಲ್ಲ. ಕುರ್ಚಿಗೇ ಒಂದು ಮಡಿ ಬಟ್ಟೆ ಹಾಸಿ, ಅದರ ಮುಂದೆಯೇ ದೀಪ ಹಚ್ಚಿದಳು. ಇಳಿಸಿದವನೇ ಬಂದು ಏರಿಸಬೇಕು ಎಂದು ಹಟ. ಅಂದಿನಿಂದ ಆ ಕುರ್ಚಿಯಲ್ಲಿ ಯಾರೂ ಕೂರುವಂತಿಲ್ಲ, ಊಟದ ಮೇಜಿಗೆ ಒಂದು ಕುರ್ಚಿ ಕಡಿಮೆಯಾಯಿತು, ರಾಘವ್ ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು ಊಟ ಮಾಡಿದ.

ಆ ನಡುವೆಯೇ ಕರಿಬೇವು ಎಲೆ ಉದುರಿಸಲು ಶುರು ಮಾಡಿತು. ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ಬೋಳು ಕಡ್ಡಿ. ಮನೆ ತಣ್ಣಗಾದದ್ದರಿಂದ ಎಂದು ಭಾಮಾ ಗಿಡಕ್ಕೆ ಶಾಲು ಹೊದಿಸಿದಳು. ನೀರು ಸಾಲದೇನೋ ಎಂದು ಬಕೆಟ್ಟಿನ ನೀರನ್ನು ಇನ್ನಷ್ಟು ಹಾಕಿದಳು. ಗಿಡ ಇನ್ನೂ ಬೇಗ ಸೊರಗಿತು.

ಒಂದು ಬೆಳಿಗ್ಗೆ ನನಗೆ ಫೋನು. "ಇದ್ದ ಹಾಗೇ ಬಾರೇ ಜ್ಯೋತ್ಸ್ನಾ," ಎಂದವಳೇ ಇಟ್ಟುಬಿಟ್ಟಳು. ನಾನು ನೈಟಿಯ ಮೇಲೆ ಕೋಟು ಹಾಕಿಕೊಂಡು ಓಡಿದೆ. ಅವಳು ಹಿಂದಿನ ಕಟ್ಟೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಎದುರಿಗೆ ಎರಡು ಬಕೆಟ್ಟು. ನೆಲ ಒರೆಸುವ ಕೆಂಪು ಬಕೆಟ್ಟಿನ ನೀರು ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ನೀಲಿ ಬಕೆಟ್ಟಿನಲ್ಲಿದ್ದದ್ದು ಅಲ್ಲಾಡಿಸಿದರೆ ತುಳುಕುತ್ತಿತ್ತು.

"ಎರಡೂ ರಾತ್ರಿಯೆಲ್ಲಾ ಇಲ್ಲೇ ಇದ್ವು ಕಣೇ," ಎಂದಳು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಅವಳು ಒಳಗಿನಿಂದ ಸ್ಟೀಲಿನ ಚೊಂಬು ತಂದು ನೀಲಿ ಬಕೆಟ್ಟಿನ ನೀರನ್ನು ಅದಕ್ಕೆ ಸುರಿದಳು. ನೀಲಿಯಲ್ಲಿ ಕಾಣದಿದ್ದದ್ದು ಸ್ಟೀಲಿನಲ್ಲಿ ಕಂಡಿತು: ನೀರಿಗೆ ತೀರ ತಿಳಿಯಾದ ಗುಲಾಬಿ ಬಣ್ಣ. ಅವಳು ಬೆರಳು ಅದ್ದಿ ಬಾಯಿಗೆ ಒಯ್ಯುವಷ್ಟರಲ್ಲಿ ನಾನು ಅವಳ ಕೈಗೆ ಪಟ್ಟೆಂದು ಹೊಡೆದೆ.

"ಸಾಯ್ತೀಯೇನೇ?"

"ಅಯ್ಯೋ, ಇದು ಪೈಪಿನೊಳಗಿನ ನೀರು ಕಣೇ! ಮೆಕ್ಯಾನಿಕ್ ಹಾಕ್ತಾನಲ್ಲ, ಅದೇ. ಗೋಡೆಗೂ ಹೋಗ್ತಿಲ್ಲ, ಪಾತಾಳಕ್ಕೂ ಹೋಗ್ತಿಲ್ಲ. ಇಲ್ಲಿಂದ ನನ್ ಬಕೆಟ್ಟಿಗೆ ಬಂದು, ನನ್ ಗಿಡಕ್ಕೆ ಹೋಗಿದೆ." ಎದ್ದು ನಿಂತವಳು ಒಳಗಿನ ಬೋಳು ಗಿಡ ನೋಡಿ ಹಣೆ ಹಣೆ ಚಚ್ಚಿಕೊಂಡಳು. "ವಿಷ ಕುಡಿದು ಲೋಕ ಉಳಿಸಿದವನ ಪಟ ಮನೇಲಿಟ್ಕೊಂಡು, ಕೈಯಾರೆ ಗಿಡಕ್ಕೆ ವಿಷ ಹಾಕಿದೆನಲ್ಲೇ!" ಅವಳು ನಿಜವಾಗಿಯೂ ಅತ್ತಳು. ಆಮೇಲೆ ಸೆರಗಿನ ಬದಲು ಸ್ವೆಟರಿನ ತೋಳಿನಿಂದ ಮುಖ ಒರೆಸಿಕೊಂಡು, "ಬಾ, ಕಾಫಿ ಕುಡಿ. ಇವತ್ತು ಕೆಲಸ ಇದೆ," ಎಂದಳು.

ಕೆಲಸ ಏನೆಂದರೆ, ಆ ಮುಳ್ಳನ್ನು ಕಾಯುವುದು. ಬಾಯ್ಲರ್ ತಣ್ಣಗಿದ್ದಾಗ ಮುಳ್ಳು ಎಲ್ಲಿದೆಯೋ ಅಲ್ಲಿ ಗಾಜಿನ ಮೇಲೆ ಕುಂಕುಮದ ಚುಕ್ಕಿ ಇಟ್ಟಳು. ಉರಿ ಹಚ್ಚಿದಳು. ಮನೆ ಬೆಚ್ಚಗಾಗುತ್ತ ಬಂದ ಹಾಗೆ ಮುಳ್ಳು ಹಸಿರು ದಾಟಿ ಮೇಲೆ ಮೇಲೆ ಹೋಯಿತು. ಕೆಂಪಿಗೆ ತಾಗುವ ಹೊತ್ತಿಗೆ ಹಿಂದಿನ ಪೈಪು ಚುಳ್ ಚುಳ್ ಎಂದು ನೀರು ಕಾರಿತು. ಉರಿ ಆರಿಸಿ ಮನೆ ತಣ್ಣಗಾದ ಮೇಲೆ ನೋಡಿದರೆ ಮುಳ್ಳು ಕುಂಕುಮದ ಚುಕ್ಕಿಗಿಂತ ಕೆಳಗೆ ಇಳಿದಿತ್ತು.

"ಕುಕ್ಕರ್ ವಿಷಲ್ ಹಾಕ್ದಂಗೆ. ಒಳಗೆ ತಡ್ಕೊಳ್ಳಕ್ಕಾಗ್ದೆ ಆಚೆ ಬಿಡ್ತಿದೆ," ಎಂದಳು.

ಸಂಜೆ ಬಂದ ರಾಘವ್‌ಗೆ ತೋರಿಸಿದಳು. ಅವನು ಕನ್ನಡಕ ಸರಿ ಮಾಡಿಕೊಂಡು ಬಾಯ್ಲರ್ ಪಕ್ಕದ ಉರುಟು ಕೆಂಪು ಡಬ್ಬಿಯನ್ನು ಬೆರಳಿನಿಂದ ತಟ್ಟಿದ. "ಎಕ್ಸ್‌ಪಾನ್ಶನ್ ಟ್ಯಾಂಕ್ ಹೋಗಿರ್ಬೇಕು. ನೀರು ಕಾದ್ರೆ ಹಿಗ್ಗುತ್ತಲ್ಲ, ಅದಕ್ಕೆ ಜಾಗ ಕೊಡಕ್ಕೆ ಇದರೊಳಗೆ ಒಂದು ರಬ್ಬರ್ ಚೀಲದ ಆಚೆ ಗಾಳಿ ತುಂಬಿರ್ತಾರೆ. ರಬ್ಬರ್ ಹರಿದಿದ್ರೆ ಗಾಳಿ ಇರಲ್ಲ, ಹಿಗ್ಗಿದ ನೀರಿಗೆ ಜಾಗ ಇರಲ್ಲ, ಒತ್ತಡ ಏರುತ್ತೆ, ಸೇಫ್ಟಿ ವಾಲ್ವ್ ಆಚೆಗೆ ಬಿಡುತ್ತೆ. ತಣ್ಣಗಾದ್ಮೇಲೆ ಬಿಟ್ಟಷ್ಟು ಕಮ್ಮಿ." ಹೇಳುತ್ತ ಹೇಳುತ್ತ ಅವನ ಮುಖವೇ ಅರಳಿತು. ಆಮೇಲೆ ಮತ್ತೆ ಬಾಡಿತು. "ಆದ್ರೂ ಹೋಶಿ-ಸಾನ್ ಬಿಡಲ್ಲ ಕಣೇ. ಗೋಡೇಲೂ ಸೋರ್ತಿರಬಹುದು ಅಂತಾರೆ."

"ಅದನ್ನೂ ನೋಡೇಬಿಡೋಣ. ತೂತು ಅಂದ್ಮೇಲೆ ತೂತೇ ತಾನೆ? ಬಿಸಿ ಇರಲಿ, ತಣ್ಣಗಿರಲಿ, ಸೋರ್ಲೇಬೇಕು," ಎಂದು ಭಾಮಾ ಬಾಯ್ಲರ್ ಆರಿಸಿದವಳು ಆ ಶನಿವಾರ ಭಾನುವಾರ ಎರಡೂ ದಿನ ಹಚ್ಚಲೇ ಇಲ್ಲ.

ಹೊರಗೆ ಹಿಮ. ಮನೆಯೊಳಗೆ ಬಾಯಿ ತೆರೆದರೆ ಹೊಗೆ. ಕೃತಿ ಲೈಬ್ರರಿಗೆ ಓಡಿಹೋದಳು. ರಾಘವ್ ಟೋಪಿ, ಮಫ್ಲರ್, ಕೈಗವಸು ಹಾಕಿಕೊಂಡು ಸ್ಟೂಲಿನ ಮೇಲೆ ಕೂತು ಲ್ಯಾಪ್‌ಟಾಪ್ ಒತ್ತಿದ. ಭಾನುವಾರದ ದೋಸೆ ಇಲ್ಲ, ಹಿಟ್ಟು ಉಕ್ಕಿರಲೇ ಇಲ್ಲ. ನಾನು ನೋಡಿ, "ಇಷ್ಟೆಲ್ಲಾ ಬೇಕಾ? ನಮ್ಮನೆಗಾದ್ರೂ ಬನ್ರೇ," ಎಂದು ಗದರಿದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಎರಡು ಕಂಬಳಿ ಹೊದ್ದುಕೊಂಡು ಬಾಯ್ಲರ್ ಎದುರು ಕೂತು ಹೀರೇಕಾಯಿ ಸಿಗದ ಊರಿನಲ್ಲಿ ಹೀರೇಕಾಯಿ ಸಿಪ್ಪೆಯ ಚಟ್ನಿಯ ಮಾತಾಡಿದಳು. ಅವಳ ಬೆರಳು ಮತ್ತೆ ಊದಿಕೊಂಡಿದ್ದವು. ಭಾನುವಾರ ಸಂಜೆ ಹೋಗಿ ನೋಡಿದರೆ ಮುಳ್ಳು ಹೊಸ ಕುಂಕುಮದ ಚುಕ್ಕಿಯ ಮೇಲೆಯೇ ನಿಂತಿತ್ತು, ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ. ಗೋಡೆಯಲ್ಲಿ ತೂತಿಲ್ಲ. ಮೊಳೆ ಏನೂ ಮಾಡಿಲ್ಲ.

ಗೆದ್ದೆವು ಎಂದು ನಾನು ಕುಣಿದೆ. ರಾಘವ್ ಮಾತ್ರ ಬಾಗಿಲು ಹಾಕಿ ಮೆತ್ತಗೆ ಹೇಳಿದ: "ಒಂದು ಮಾತು. ಅವರ ಮುಂದೆ ಬಕೆಟ್ ವಿಷಯ ಮಾತ್ರ ಎತ್ಬೇಡ. ಟ್ಯಾಂಕ್ ತೋರ್ಸೋಣ, ಸಾಕು. ದಿನಾ ನೀರು ಎತ್ತಿ ಗಿಡಕ್ಕೆ ಹಾಕಿ ಸೋರಿದ ಗುರುತೇ ಇಲ್ದಂಗೆ ಮಾಡಿದ್ದು ನಾವೇ ಅಂತ ಗೊತ್ತಾದ್ರೆ, ಅದನ್ನೇ ಹಿಡ್ಕೊತಾರೆ."

ಅವನು ಹೇಳಿದ್ದು ಸರಿಯಿತ್ತು. ನೀರು ತುಂಬಿಸಲು ಅವರು ಬರುವ ಹೊತ್ತಿಗೆ ಬಾಯ್ಲರ್ ನಿಂತಿರುತ್ತಿತ್ತು, ಹಾಗಾಗಿ ಪೈಪು ತೊಟ್ಟಿಕ್ಕುತ್ತಿರಲಿಲ್ಲ. ಅದಕ್ಕೆ ಮುಂಚೆ ಬಿದ್ದದ್ದೆಲ್ಲ ಬಕೆಟ್ಟಿನಲ್ಲಿ ಗಿಡಕ್ಕೆ ಹೋಗಿರುತ್ತಿತ್ತು. ಬಕೆಟ್ಟು ಇಲ್ಲದಿದ್ದರೆ ಕಟ್ಟೆಯ ಮೇಲೆ ಗುಲಾಬಿ ಕಲೆ ಮೊದಲ ದಿನವೇ ಮೆಕ್ಯಾನಿಕ್‌ನ ಕಣ್ಣಿಗೆ ಬೀಳುತ್ತಿತ್ತು. ನಾನೂ ರಾಘವ್‌ನ ಪಕ್ಷವೇ ವಹಿಸಿದೆ. ಭಾಮಾ ಇಬ್ಬರನ್ನೂ ನೋಡಿ, "ಸುಳ್ಳು ಹೇಳಿ ಉಳಿಸ್ಕೊಂಡ ಮನೇಲಿ ನಾನು ದೀಪ ಹಚ್ಚಲ್ಲ," ಎಂದಳು. ಆಮೇಲೆ ಆ ವಿಷಯ ನಾವು ಎತ್ತಲಿಲ್ಲ.

ಹೇಳಿದ್ದ ಶನಿವಾರ ಬೆಳಿಗ್ಗೆ ಹೋಶಿ-ಸಾನ್, ಮೆಕ್ಯಾನಿಕ್, ನಡುವೆ ಕೋಲೂರಿಕೊಂಡು ಕುಮಗಾಯಿ-ಸಾನ್ ಬಂದರು. ನನ್ನನ್ನು ಭಾಮಾ ಮುಂಚೆಯೇ ಕರೆಸಿ ಕಾಫಿ ಹಾಕಲು ನಿಲ್ಲಿಸಿದ್ದಳು. ಹೋಶಿ-ಸಾನ್ ಒಳಗೆ ಬಂದವನೇ ಗಂಟಲು ಸರಿ ಮಾಡಿಕೊಂಡು, "ಹಾಗಾದರೆ ಮೊದಲು ಇವರು..." ಎಂದು ಶುರು ಮಾಡಿದ. ರಾಘವ್‌ನ ಬೆನ್ನು ಆಗಲೇ ಅರ್ಧ ಬಾಗಿತ್ತು.

"ಮೊದಲು ಹಿಂದಕ್ಕೆ ಬನ್ನಿ," ಎಂದಳು ಭಾಮಾ.

ಕಟ್ಟೆಯ ಮೇಲೆ ಹಿಂದಿನ ಸಂಜೆಯಿಂದ ಎರಡು ಸ್ಟೀಲ್ ಚೊಂಬು ಕೂತಿದ್ದವು. ಒಂದನ್ನು ಮಗುಚಿದಳು, ಏನೂ ಬೀಳಲಿಲ್ಲ, ನಲ್ಲಿಯ ನೀರು ಹೆಪ್ಪುಗಟ್ಟಿ ಚೊಂಬಿಗೇ ಅಂಟಿತ್ತು. ಇನ್ನೊಂದನ್ನು ಅಲ್ಲಾಡಿಸಿದಳು, ಗುಲಾಬಿ ನೀರು ತುಳುಕಿತು. ಮೆಕ್ಯಾನಿಕ್ ಬಗ್ಗಿ ನೋಡಿದ, ಮೂಸಿದ, ಒಳಗೆ ಹೋಗಿ ಬಾಯ್ಲರ್ ಹಚ್ಚಿದ. ನಾವೆಲ್ಲ ಫಿಲ್ಟರ್ ಕಾಫಿ ಹಿಡಿದುಕೊಂಡು ಮುಳ್ಳನ್ನು ನೋಡುತ್ತ ನಿಂತೆವು. ಗಾಜಿನ ಮೇಲಿನ ಕುಂಕುಮ ಏನೆಂದು ಯಾರೂ ಕೇಳಲಿಲ್ಲ. ಮುಳ್ಳು ಏರಿತು, ಏರಿತು, ಹಿಂದಿನ ಪೈಪು ಚುಳ್ ಎಂದಿತು. ಬಾಯ್ಲರ್ ಆರಿಸಿ, ಮೆಕ್ಯಾನಿಕ್ ಕೆಂಪು ಡಬ್ಬಿಯ ಮುಚ್ಚಳ ತಿರುಗಿಸಿ, ಸೈಕಲ್ ಟ್ಯೂಬಿಗೆ ಇರುವಂಥ ಪಿನ್ನನ್ನು ಉಗುರಿನಿಂದ ಒತ್ತಿದ. ಗಾಳಿ ಬರಬೇಕಾದಲ್ಲಿ ನೀರು ಬಂತು.

"ಟ್ಯಾಂಕೇ," ಎಂದ. ಎರಡು ದಿನ ಉರಿ ಹಚ್ಚದೆ ಮುಳ್ಳು ಕಾದದ್ದನ್ನು ರಾಘವ್ ಹೇಳಿದ ಮೇಲೆ, "ಹಾಗಾದರೆ ಗೋಡೆ ಸರಿಯಾಗಿದೆ," ಎಂದೂ ಸೇರಿಸಿದ.

ಹೋಶಿ-ಸಾನ್ ಕೆಂಪಗಾದ. "ಆದರೆ ನಾವು ಬಂದಾಗಲೆಲ್ಲ ಇಲ್ಲಿ ಒಣಗಿತ್ತಲ್ಲ. ಒಂದು ಹನಿಯ ಗುರುತೂ ಇರಲಿಲ್ಲ."

ರಾಘವ್ ನೆಲ ನೋಡಿದ. ನಾನು ಕಾಫಿ ಲೋಟ ನೋಡಿದೆ. ಭಾಮಾ ಒಳಗೆ ಹೋಗಿ ನೀಲಿ ಬಕೆಟ್ಟನ್ನೂ ಬೋಳು ಕಡ್ಡಿಯಾಗಿದ್ದ ಕರಿಬೇವಿನ ಕುಂಡವನ್ನೂ ತಂದು ಎಲ್ಲರ ನಡುವೆ ಇಟ್ಟಳು.

"ನಾನು ಹಿಡಿದಿಟ್ಟೆ. ನೀರು ಹಾಳಾಗಬಾರದು ಎಂದು ಈ ಗಿಡಕ್ಕೆ ಹಾಕಿದೆ. ಏನು ನೀರು ಎಂದು ಯಾರನ್ನೂ ಕೇಳಲಿಲ್ಲ."

"ಅಂದರೆ ಇಷ್ಟು ದಿನ ನಮಗೆ ಕಾಣದಂತೆ ಮಾಡಿದ್ದು ನೀವೇ!" ಹೋಶಿ-ಸಾನ್‌ಗೆ ಜೀವ ಬಂತು.

"ಹೌದು, ನಾನೇ."

ಅವಳು ಕುಮಗಾಯಿ-ಸಾನ್ ಎದುರಿಗೆ ಹೋಗಿ ನಿಂತಳು. ಕೈಗಳನ್ನು ತೊಡೆಗೆ ಜೋಡಿಸಿ, ಸೊಂಟದಿಂದ ಪೂರ್ತಿ ಬಾಗಿ, "ಮೋಶಿವಾಕೆ ಗೊಝಾಯಿಮಾಸೆನ್," ಎಂದಳು. ಸುಮಿಮಾಸೆನ್‌ಗಿಂತ ಎಷ್ಟೋ ತೂಕದ ಮಾತು ಅದು, ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಆಡಿದ್ದಿಲ್ಲ. ಅವಳು ಬಾಗಿದವಳು ಏಳಲೇ ಇಲ್ಲ. ಮುದುಕಿಯೇ ಕೈ ಹಾಕಿ ಎಬ್ಬಿಸಬೇಕಾಯಿತು. ಭಾಮಾಳ ಕಣ್ಣು ಒದ್ದೆಯಾಗಿದ್ದವು.

ಆಮೇಲೆ ಅವಳು ಹೋಶಿ-ಸಾನ್ ಕಡೆ ತಿರುಗಿದಳು, ನೆಟ್ಟಗೆ ನಿಂತು.

"ಇದು ಬಕೆಟ್ಟಿಗೆ. ಮೊಳೆಗಲ್ಲ."

"ಸರಿ, ಸರಿ. ಎಲ್ಲದಕ್ಕೂ ಸೇರಿ ಒಂದೇ ಎಂದು ತಿಳಿಯೋಣ," ಎಂದ ಅವನು, ಕೈಯಾಡಿಸಿ.

"ಸೇರಿಸಬೇಡಿ. ಬಕೆಟ್ಟಿನದು ನನ್ನ ತಪ್ಪು, ಒಪ್ಪಿದೆ. ಮೊಳೆಯದು ನನ್ನ ತಪ್ಪಲ್ಲ. ಅದಕ್ಕೆ ನಾನೂ ಬಾಗುವುದಿಲ್ಲ, ನನ್ನ ಗಂಡನೂ ಬಾಗುವುದಿಲ್ಲ."

ರಾಘವ್, ನಾನು ಕಣ್ಣಾರೆ ನೋಡಿದೆ, ಅರ್ಧ ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡಿದ.

ಕುಮಗಾಯಿ-ಸಾನ್ ಕೋಲೂರಿಕೊಂಡು ನಿಧಾನವಾಗಿ ನಡುಮನೆಗೆ ನಡೆದರು, ನಾವೆಲ್ಲ ಹಿಂದೆ ಹೋದೆವು. ಅವರು ಗೋಡೆಯ ಹಳದಿ ಟೇಪು ನೋಡಿದರು. ಕುರ್ಚಿಯ ಮೇಲಿನ ಪಟ, ಅದರ ಮುಂದೆ ಉರಿಯುತ್ತಿದ್ದ ದೀಪ ನೋಡಿದರು.

"ನಿಮ್ಮ ದೇವರು ಯಾಕೆ ಕುರ್ಚಿಯ ಮೇಲಿದ್ದಾರೆ?"

"ಹೋಶಿ-ಸಾನ್ ಇಳಿಸಿದರು," ಎಂದಳು ಭಾಮಾ.

"ಅಲ್ಲ, ಪೈಪು ಆ ಗೋಡೆಯಲ್ಲಿ..." ಎಂದ ಹೋಶಿ-ಸಾನ್.

"ಪೈಪು ಎಲ್ಲಿದೆ ಎಂದು ನನಗೆ ಗೊತ್ತು. ನನ್ನ ಗಂಡ ಹಾಕಿಸುವಾಗ ನಾನು ಇಲ್ಲೇ ನಿಂತಿದ್ದೆ," ಎಂದರು ಮುದುಕಿ. "ಗೋಡೆಯೊಳಗಿನ ಈ ಮರದ ಕಂಬಕ್ಕೆ ಹೊಡೆಯಿರಿ, ಪಕ್ಕಕ್ಕೆ ಹೋಗಬೇಡಿ ಎಂದು ಇವರಿಗೆ ಜಾಗ ತೋರಿಸಿದವಳು ನಾನು. ನನಗೆ ಎಲ್ಲ ನೆನಪಿದೆ." ಉಗುರಿನಿಂದ ಟೇಪಿನ ಅಂಚು ಎಬ್ಬಿಸಿ, ಅದನ್ನು ಸರ್ರನೆ ಕಿತ್ತು ಹೋಶಿ-ಸಾನ್ ಕೈಗೆ ಕೊಟ್ಟರು. "ಮಾರ್ಚ್‌ನಲ್ಲಿ ಇವರು ಎಲ್ಲಿಗೂ ಹೋಗುವುದಿಲ್ಲ. ಟ್ಯಾಂಕ್ ಬದಲಾಯಿಸಿ."

ಹೋಶಿ-ಸಾನ್ ಟೇಪನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡ. ಭಾಮಾಳ ಕಡೆ ತಿರುಗಿ ಬಾಗಿದ, ಚೆನ್ನಾಗಿಯೇ ಬಾಗಿದ. "ಸುಮಿಮಾಸೆನ್," ಎಂದ.

ನಮ್ಮವಳು ಈಗಲಾದರೂ ಪರವಾಗಿಲ್ಲ ಬಿಡಿ ಎನ್ನುತ್ತಾಳೆ ಎಂದುಕೊಂಡೆ. ನಾನಾಗಿದ್ದರೆ ಅನ್ನುತ್ತಿದ್ದೆ.

"ನನಗೆ ಬೇಡ," ಎಂದಳು ಭಾಮಾ, ಕುರ್ಚಿಯ ಕಡೆ ಕೈ ತೋರಿಸಿ. "ಎಲ್ಲಿಂದ ಇಳಿಸಿದಿರೋ ಅಲ್ಲಿಗೇ ಏರಿಸಿ."

ಅವನು ಕುಮಗಾಯಿ-ಸಾನ್ ಮುಖ ನೋಡಿದ, ಅಲ್ಲಿ ಏನೂ ಸಹಾಯ ಸಿಗಲಿಲ್ಲ. ಎರಡೂ ಕೈಯಿಂದ ಪಟ ಎತ್ತಿದ. ಹಿಂದಿನ ದಾರ ಮೊಳೆಗೆ ಸಿಗಲಿಲ್ಲ, ತಡಕಿದ, ಮತ್ತೆ ತಡಕಿದ, ಕೊನೆಗೆ ಸಿಕ್ಕಿತು. ಹಣೆಯ ಬೆವರು ಒರೆಸಿಕೊಂಡು ಹಿಂದಕ್ಕೆ ಸರಿದು, ಆಯಿತಲ್ಲ ಎನ್ನುವಂತೆ ನೋಡಿದ.

ಭಾಮಾ ಸೊಂಟದ ಮೇಲೆ ಕೈಯಿಟ್ಟು ಕಣ್ಣು ಕಿರಿದು ಮಾಡಿ ನೋಡಿದಳು.

"ಓರೆಯಾಗಿದೆ," ಎಂದಳು. "ಎಡಗಡೆ ಸ್ವಲ್ಪ ಮೇಲೆತ್ತಿ."